ಬಿಸಿಲು ಬೇಡ, ಬೆಳಕು ಬೇಕು

ಕಾಂಕ್ರೀಟ್ ಗೋಡೆಯಲ್ಲಿ ಒಂದು ತೂತು ಬಿಡಿ. ಅದರಿಂದ ಬಿಸಿಲುಕೋಲು ಒಳಗೆ ಬೀಳಲಿ. ಸ್ವಲ್ಪ ಧೂಳೆಬ್ಬಿಸಿ ಒಂದು ಫೋಟೋ ತೆಗೆಯಿರಿ. ನೋಡಿದವರೆಲ್ಲ ಇದು ಬೆಳಕಿನ ಕಟ್ಟಡ ಅಂತ ತಲೆದೂಗುತ್ತಾರೆ. ನನಗೆ ಈ ಥರದ ಫೋಟೋಗಳ ಮೇಲೆ ಹಳೇ ತಕರಾರಿದೆ. ಆ ಬಿಸಿಲುಕೋಲು ಬೀಳುವುದು ದಿನಕ್ಕೆ ಅರ್ಧ ಗಂಟೆ, ಅದೂ ಮೋಡ ಇಲ್ಲದಿದ್ದರೆ, ಅದೂ ವರ್ಷದಲ್ಲಿ ಕೆಲವೇ ವಾರ. ಉಳಿದ ಹೊತ್ತೆಲ್ಲ ಒಳಗೆ ಕೂತವರಿಗೆ ಏನು ಕಾಣುತ್ತದೆ ಅಂತ ಯಾರೂ ಕೇಳುವುದಿಲ್ಲ. ಈಗ ನನ್ನ ಕೈಯಲ್ಲಿರುವ ಸಣ್ಣ ಪೆವಿಲಿಯನ್ ಕೆಲಸದಲ್ಲಿ ನಾನು ಹಟ ಹಿಡಿದಿರುವುದು ಆ ಉಳಿದ ಹೊತ್ತಿಗೋಸ್ಕರ.

ಮೊದಲು ಅದು ಎಂಥದ್ದು ಅಂತ ಹೇಳಿಬಿಡುತ್ತೇನೆ. ಬಯಲಲ್ಲಿ ಒಂಟಿಯಾಗಿ ನಿಲ್ಲುವ ಕಾಂಕ್ರೀಟ್ ಮಂಟಪ. ಉದ್ದ 11 ಮೀಟರ್, ಅಗಲ 7, ಎತ್ತರ ಹೆಚ್ಚಿರುವ ಕಡೆ ಆರೂವರೆ. ಬಾಗಿಲಿಲ್ಲ, ಕಿಟಕಿಯಿಲ್ಲ. ಒಳಗೆ ಒಂದು ಉದ್ದನೆಯ ಬೆಂಚು, ಇಪ್ಪತ್ತು ಜನ ಕೂರಬಹುದು. ಕೂತು ಏನು ಮಾಡಬೇಕು ಅಂತ ಕೇಳಬೇಡಿ, ಸುಮ್ನೆ ಕೂರುವುದಕ್ಕೇ ಕಟ್ಟಿಸುತ್ತಿದ್ದಾರೆ. ಕೆಲಸ ಕೊಟ್ಟವರ ಷರತ್ತು ಎರಡೇ: ಹಗಲು ಹೊತ್ತು ದೀಪ ಹಾಕುವಂತಿರಬಾರದು, ಮತ್ತು ದೂರದಿಂದ ನೋಡಿದರೆ ಕಟ್ಟಡಕ್ಕಿಂತ ಶಿಲ್ಪ ಅನ್ನಿಸಬೇಕು. ಆಕಾರ ಯಾವುದು ಅಂತ ಅವರು ಹೇಳಲಿಲ್ಲ. ಅದನ್ನು ಬೆಳಕೇ ತೀರ್ಮಾನ ಮಾಡಲಿ ಅಂತ ನಾನಂದೆ. ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಆದರೆ ಬೆಳಕು ತಾನಾಗಿ ಬಂದು ಪೆನ್ಸಿಲ್ ಹಿಡಿಯುವುದಿಲ್ಲ. ಲೆಕ್ಕ ಹಾಕಬೇಕು.

ಲೆಕ್ಕ ಇಲ್ಲಿಂದ ಶುರು. ನೇರ ಬಿಸಿಲು ಬಿದ್ದ ಕಡೆ ಸುಮಾರು 1 ಲಕ್ಷ ಲಕ್ಸ್ ಬೆಳಕಿರುತ್ತದೆ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಒಳಗೆ ನೆರಳಲ್ಲಿರುವ ಜಾಗಕ್ಕೆ 300 ಲಕ್ಸ್ ಸಿಕ್ಕರೂ ಆರಾಮಾಗಿ ಓದಬಹುದು. ಈಗ ಅಂಥ ಗೋಡೆಯ ಮೇಲೆ ಬಿಸಿಲಿನ ಒಂದು ಪಟ್ಟೆ ಬಿತ್ತು ಅಂದುಕೊಳ್ಳಿ. ಪಟ್ಟೆಗೂ ಪಕ್ಕದ ಗೋಡೆಗೂ ಮುನ್ನೂರಕ್ಕೂ ಹೆಚ್ಚು ಪಟ್ಟು ವ್ಯತ್ಯಾಸ. ಕಣ್ಣು ಪಟ್ಟೆಗೆ ಹೊಂದಿಕೊಳ್ಳುತ್ತದೆ, ಪಕ್ಕದ ಗೋಡೆ ಕಪ್ಪಗಾಗುತ್ತದೆ. ಗೋಡೆಯ ಬಾಗು, ಎರಕದ ಹಲಗೆಯ ಗುರುತು, ಬೂದು ಬಣ್ಣದಲ್ಲಿ ಸಿಗುವ ಹತ್ತಾರು ಛಾಯೆ, ಎಲ್ಲವನ್ನೂ ಆ ಒಂದು ಪಟ್ಟೆ ನುಂಗಿಹಾಕುತ್ತದೆ. ಕಷ್ಟಪಟ್ಟು ಕಟ್ಟಿದ ಗೋಡೆ ಕಾಣಬೇಕು ಅಂದರೆ ಬಿಸಿಲನ್ನು ಹೊರಗೇ ತಡೆಯಬೇಕು, ಬೆಳಕನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಕು.

ಹಾಗಾದರೆ ರೋಮ್‌ನ ಪ್ಯಾಂಥಿಯನ್ ಕಥೆ ಏನು ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಎರಡನೇ ಶತಮಾನದ ಕಟ್ಟಡ, ಕಂಬಿಯೇ ಇಲ್ಲದ ಕಾಂಕ್ರೀಟ್ ಗುಮ್ಮಟ, ನಡುವೆ ಎಂಟೊಂಬತ್ತು ಮೀಟರ್ ಅಗಲದ ತೆರೆದ ಕಣ್ಣು. ಅಲ್ಲಿ ಬಿಸಿಲಿನ ದೊಡ್ಡ ಬಿಲ್ಲೆ ದಿನವಿಡೀ ಗೋಡೆಯ ಮೇಲೆ ಸರಿಯುತ್ತದೆ, ಯಾರಿಗೂ ಕಣ್ಣು ಕೋರೈಸುವುದಿಲ್ಲ. ಕಾರಣ ಅಳತೆ. ಗುಮ್ಮಟದ ವ್ಯಾಸ 43 ಮೀಟರ್. ಬಿಲ್ಲೆ ನಿಮ್ಮಿಂದ ಎಷ್ಟೋ ದೂರ ಇರುತ್ತದೆ, ಮತ್ತೆ ಅದು ಅಷ್ಟು ದೊಡ್ಡದಾದ್ದರಿಂದ ಅಲ್ಲಿಂದ ಚದುರಿದ ಬೆಳಕೇ ಇಡೀ ಒಳಾಂಗಣವನ್ನು ತುಂಬುತ್ತದೆ. ಏಳು ಮೀಟರ್ ಅಗಲದ ಮಂಟಪದಲ್ಲಿ ಅದನ್ನೇ ಮಾಡಿದರೆ ಬಿಸಿಲು ನಿಮ್ಮ ತೊಡೆ ಮೇಲೆ ಬಂದು ಕೂರುತ್ತದೆ.

ನಾನು ಪಾಠ ಕಲಿತದ್ದು ಬೇರೆ ಎರಡು ಕಟ್ಟಡಗಳಿಂದ. ಒಂದು, ಲೆ ಕಾರ್ಬೂಸಿಯೇ ಫ್ರಾನ್ಸಿನ ರೋನ್‌ಶಾಂಪ್‌ನಲ್ಲಿ ಕಟ್ಟಿದ ಚರ್ಚು. 1955ರಲ್ಲಿ ಮುಗಿದದ್ದು. ಅದರ ದಪ್ಪ ಗೋಡೆಯ ಬಣ್ಣಬಣ್ಣದ ಕಿಟಕಿಗಳ ಫೋಟೋ ಎಲ್ಲರೂ ನೋಡಿರುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಮೂರು ಗೋಪುರಗಳು. ಬೆಳಕು ಗೋಪುರದ ತಲೆಯಲ್ಲಿ ಒಳಗೆ ಬಂದು, ಒರಟಾದ ಗೋಡೆಯ ಮೇಲೆ ಇಳಿಯುತ್ತಾ ಕೆಳಗಿನ ಪುಟ್ಟ ಪೂಜಾಸ್ಥಳಕ್ಕೆ ಮುಟ್ಟುತ್ತದೆ. ಕೆಳಗೆ ನಿಂತವರ ಕಣ್ಣಿಗೆ ಬೀಳುವುದು ಬೆಳಗಿದ ಗೋಡೆ ಮಾತ್ರ. ಇನ್ನೊಂದು, ಲೂಯಿ ಕಾನ್ ಅವರ ಕಿಂಬೆಲ್ ಆರ್ಟ್ ಮ್ಯೂಸಿಯಂ, ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ, 1972ರಲ್ಲಿ ತೆರೆದದ್ದು. ಉದ್ದನೆಯ ಕಾಂಕ್ರೀಟ್ ಕಮಾನು ಚಾವಣಿ, ಅದರ ನೆತ್ತಿಯಲ್ಲೇ ಉದ್ದಕ್ಕೂ ಒಂದು ಸೀಳು. ಸೀಳಿನ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳನ್ನು ತೂಗುಹಾಕಿದ್ದಾರೆ. ಬಿಸಿಲು ಅದಕ್ಕೆ ಬಡಿದು ಮತ್ತೆ ಮೇಲಕ್ಕೆ ಹೋಗಿ ಕಾಂಕ್ರೀಟಿನ ಹೊಟ್ಟೆಯನ್ನು ಬೆಳಗುತ್ತದೆ. ಬೂದು ಕಾಂಕ್ರೀಟ್ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ.

(ಒಂದು ಮಾತು ಸೇರಿಸಲೇಬೇಕು. ಕಮಾನಿನ ನೆತ್ತಿಯನ್ನೇ ಸೀಳಿದರೆ ಅದು ನಿಲ್ಲುವುದು ಹೇಗೆ? ಅದು ನಿಜಕ್ಕೂ ಕಮಾನಾಗಿ ಕೆಲಸ ಮಾಡುವುದೇ ಇಲ್ಲ. ಎರಡು ಬದಿಯ ಬಾಗಿದ ಚಿಪ್ಪುಗಳೂ ಉದ್ದಕ್ಕೆ ತೊಲೆಗಳ ಹಾಗೆ ನಿಂತಿವೆ, ಒಳಗೆ ಬಿಗಿದ ಉಕ್ಕಿನ ಕೇಬಲ್‌ಗಳಿವೆ. ಎಂಜಿನಿಯರ್ ಆಗಸ್ಟ್ ಕೊಮೆಂಡಾಂಟ್ ಅವರ ಕೈವಾಡ. ಬೆಳಕಿನ ಕಟ್ಟಡ ಅಂದಾಗ ಎಂಜಿನಿಯರ್ ಹೆಸರು ಯಾರ ಬಾಯಿಗೂ ಬರುವುದಿಲ್ಲ, ಅದೊಂದು ಬೇಜಾರು.)

ಈಗ ನನ್ನ ಮಂಟಪ. ಅದರಲ್ಲಿ ಎರಡೇ ಭಾಗ. ಒಂದು ಕಡೆ ಆರೂವರೆ ಮೀಟರ್ ಎತ್ತರದ ದೊಡ್ಡ ಗೋಡೆ. ಇನ್ನೊಂದು ಕಡೆ ಬೆಂಚಿನ ಬೆನ್ನಿನಿಂದ ಎದ್ದು, ತಲೆ ಮೇಲೆ ಬಾಗಿ, ಚಾವಣಿಯಾಗಿ ದೊಡ್ಡ ಗೋಡೆಯ ಕಡೆಗೆ ಬರುವ ಒಂದು ಚಿಪ್ಪು. ಆದರೆ ಚಿಪ್ಪು ಗೋಡೆಯನ್ನು ಮುಟ್ಟುವುದಿಲ್ಲ. 40 ಸೆಂಟಿಮೀಟರ್ ದೂರದಲ್ಲೇ ನಿಂತು ಮೇಲಕ್ಕೆ ತಿರುಗಿ 1.6 ಮೀಟರ್ ಏರುತ್ತದೆ. ಆ ಏರಿದ ಭಾಗವನ್ನು ನಾವು ತುಟಿ ಅಂತ ಕರೆಯುತ್ತಿದ್ದೇವೆ. ತುಟಿಗೂ ಗೋಡೆಗೂ ನಡುವೆ ಆದ ಕಿರಿದಾದ, ಆಳವಾದ ಸಂದಿಯೇ ಇಡೀ ಮಂಟಪಕ್ಕೆ ಬೆಳಕಿನ ದಾರಿ. ಬೆಂಚಿನ ಮೇಲೆ ಕೂತವರಿಗೆ ಸಂದಿ ಕಾಣುವುದಿಲ್ಲ, ಆಕಾಶವೂ ಕಾಣುವುದಿಲ್ಲ. ಎದುರಿಗೆ ಐದು ಮೀಟರ್‌ನಷ್ಟು ಗೋಡೆ, ಮೇಲೆ ಬೆಳ್ಳಗೆ, ಇಳಿಯುತ್ತಾ ಇಳಿಯುತ್ತಾ ಮಬ್ಬು. ಅಷ್ಟೇ.

ಇಲ್ಲಿ ಕಾಂಕ್ರೀಟಿನದೇ ಒಂದು ಸಮಸ್ಯೆ ಎದುರಾಗುತ್ತದೆ. ಸಾಧಾರಣ ಬೂದು ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ಮೂವತ್ತು ಭಾಗ ಮಾತ್ರ ವಾಪಸ್ ಕೊಡುತ್ತದೆ. ಉಳಿದದ್ದನ್ನು ನುಂಗುತ್ತದೆ. ಒಂದು ಸಾವಿರ ಭಾಗ ಬೆಳಕು ಸಂದಿಗೆ ಬಂತು ಅಂತಿಟ್ಟುಕೊಳ್ಳಿ. ಮೊದಲ ಬಡಿತಕ್ಕೆ ಉಳಿದದ್ದು 300, ಎರಡನೆಯದಕ್ಕೆ 90, ಮೂರನೆಯದಕ್ಕೆ 27. ಸಂದಿ ಆಳವಾದಷ್ಟೂ ಬಡಿತ ಜಾಸ್ತಿ, ಕೆಳಗೆ ತಲುಪುವುದು ಕಡಿಮೆ. ಒಳ್ಳೇ ಸುಣ್ಣ ಬಳಿದ ಗೋಡೆಯಾದರೆ ಪ್ರತಿ ಬಡಿತಕ್ಕೂ ನೂರಕ್ಕೆ ಎಂಬತ್ತು ಉಳಿಯುತ್ತದೆ, ಎರಡು ಬಡಿತದ ನಂತರವೂ 640. ಹಾಗಂತ ಎಲ್ಲಾ ಕಡೆ ಸುಣ್ಣ ಬಳಿದರೆ ಬೆಳಕು ಎಲ್ಲಾ ಕಡೆ ಒಂದೇ ಸಮ ಹರಡಿ, ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಛಾಯೆ ತೋರಿಸುವುದಕ್ಕೆ ಬೂದು ಬಣ್ಣವೇ ಬೇಕು. ಕೊನೆಗೆ ಕಾಣದ ಮೈಗೆಲ್ಲ ಸುಣ್ಣ, ಕಾಣುವ ಮೈಗೆಲ್ಲ ಬರೀ ಕಾಂಕ್ರೀಟ್ ಅಂತ ಇಟ್ಟುಕೊಂಡೆ. ತುಟಿಯ ಬೆನ್ನಿಗೆ, ಮತ್ತೆ ಅದರ ಮರೆಯಲ್ಲಿರುವ ದೊಡ್ಡ ಗೋಡೆಯ ಮೇಲ್ಭಾಗಕ್ಕೆ ಮಾತ್ರ ಸುಣ್ಣ. ಒಳಗೆ ಕೂತವರಿಗೆ ಆ ಬಿಳುಪು ಇದೆ ಅಂತಲೇ ಗೊತ್ತಾಗುವುದಿಲ್ಲ. ಇಡೀ ವಿನ್ಯಾಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ತೀರ್ಮಾನ ಇದು. ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು.

ಸೂರ್ಯನ ಲೆಕ್ಕ ಇಷ್ಟು ಸುಲಭವಲ್ಲ. ಸಂದಿಯ ಅಗಲ 0.4 ಮೀಟರ್, ಆಳ 1.6 ಮೀಟರ್. ಅಂದರೆ ಸಂದಿಗೆ ಅಡ್ಡಲಾಗಿ ನಿಂತು ನೋಡಿದಾಗ ಸೂರ್ಯ 76 ಡಿಗ್ರಿಗಿಂತ ಕೆಳಗಿದ್ದರೆ ಬಿಸಿಲು ಸಂದಿ ದಾಟಿ ಕೆಳಗೆ ಬರುವುದಿಲ್ಲ, ಸಂದಿಯೊಳಗಿನ ಗೋಡೆಗೇ ಬಡಿದು ಚದುರುತ್ತದೆ. ಸಂದಿ ಪೂರ್ವ ಪಶ್ಚಿಮವಾಗಿ ಓಡುತ್ತದೆ ಅನ್ನೋಣ. ಉತ್ತರ ಅಕ್ಷಾಂಶ 45 ಡಿಗ್ರಿಯ ಊರಲ್ಲಿ ಮಧ್ಯಾಹ್ನದ ಸೂರ್ಯ ಜೂನ್‌ನಲ್ಲೂ 68.5 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ. ಮಧ್ಯಾಹ್ನದ ಚಿಂತೆಯೇ ಇಲ್ಲ. 15 ಡಿಗ್ರಿ ಅಕ್ಷಾಂಶದಲ್ಲಿ ಕಥೆಯೇ ಬೇರೆ. ಅಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೇ ಬರುತ್ತಾನೆ, ಜೂನ್‌ನಲ್ಲಿ ಉತ್ತರಕ್ಕೇ ವಾಲಿರುತ್ತಾನೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ತನಕ ಮಧ್ಯಾಹ್ನದ ಬಿಸಿಲು ಸಂದಿಯೊಳಗೆ ನೇರ ಇಳಿಯುತ್ತದೆ. ಉಷ್ಣವಲಯದಲ್ಲಿ ಕಟ್ಟುವವರು ಚಳಿ ದೇಶದ ಕಟ್ಟಡದ ಸೆಕ್ಷನ್ (ಕಟ್ಟಡವನ್ನು ಸೀಳಿ ತೋರಿಸುವ ನಕ್ಷೆ) ನೋಡಿ ಹಾಗೇ ಇಳಿಸಿಕೊಳ್ಳಬಾರದು ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿ ತುಟಿಯನ್ನು ಇನ್ನೂ ಎತ್ತರಿಸಬೇಕು, ಇಲ್ಲವೇ ಸಂದಿಯ ತಲೆಗೆ ಒಂದು ಟೋಪಿ ಹಾಕಿ ಬಾಯಿಯನ್ನು ಪಕ್ಕಕ್ಕೆ ತಿರುಗಿಸಬೇಕು.

ಇದು ಮಧ್ಯಾಹ್ನದ ಮಾತಾಯಿತು. ಬೇಸಿಗೆಯಲ್ಲಿ ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಸೂರ್ಯ ನೇರ ಪೂರ್ವ, ನೇರ ಪಶ್ಚಿಮಕ್ಕೆ ಬರುತ್ತಾನೆ. ಆಗ ಬಿಸಿಲು ಸಂದಿಯ ಉದ್ದಕ್ಕೇ ಓಡಿ ಬರುತ್ತದೆ, ಅಡ್ಡ ಆಳ ಎಷ್ಟಿದ್ದರೂ ಅದಕ್ಕೆ ಲೆಕ್ಕವಿಲ್ಲ. ಇದಕ್ಕೆ ಸಂದಿಯೊಳಗೆ ಅಡ್ಡ ರೆಕ್ಕೆ ಕಟ್ಟಬಹುದು. ನಾನು ಗೋಡೆಯನ್ನೇ ಬಿಲ್ಲಿನಂತೆ ಬಾಗಿಸಿದೆ. ಸಂದಿ ಈಗ ಬಿದಿಗೆ ಚಂದ್ರನ ಹಾಗೆ ಬಾಗಿದೆ. ಎಲ್ಲಿಂದ ನೋಡಿದರೂ ಉದ್ದಕ್ಕೆ ದೃಷ್ಟಿ ಹಾಯುವುದಿಲ್ಲ, ಬಿಸಿಲೂ ಒಂದೇ ಸಲಕ್ಕೆ ಇಡೀ ಉದ್ದಕ್ಕೆ ಹಾಯುವುದಿಲ್ಲ. ಮಂಟಪ ಹೊರಗಿನಿಂದ ಬಾಗಿ ನಿಂತಿರುವುದು ಚೆಂದಕ್ಕೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಅದು ಬೆಳಗಿನ ಬಿಸಿಲಿಗೆ ಕೊಟ್ಟ ಉತ್ತರ.

ಮೋಡದ ದಿನಕ್ಕೆ ಈ ವ್ಯವಸ್ಥೆ ಇನ್ನೂ ಚೆನ್ನ. ಪೂರ್ತಿ ಮೋಡ ಮುಚ್ಚಿದ ಆಕಾಶದಲ್ಲಿ ನೆತ್ತಿಯ ಭಾಗ ಅಂಚಿಗಿಂತ ಸುಮಾರು ಮೂರು ಪಟ್ಟು ಬೆಳ್ಳಗಿರುತ್ತದೆ. ಮೇಲಕ್ಕೆ ಬಾಯಿ ತೆರೆದ ಸಂದಿಗೆ ಸಿಗುವುದು ಆ ಬೆಳ್ಳಗಿನ ಭಾಗವೇ.

ಕೆಲಸ ಕೊಟ್ಟವರಿಗೆ ಮಾತ್ರ ಬಿಸಿಲುಕೋಲಿನ ಆಸೆ ಬಿಡಲಿಲ್ಲ. ವರ್ಷದಲ್ಲಿ ಒಂದು ಗೊತ್ತಾದ ದಿನ, ಗೊತ್ತಾದ ಗಂಟೆಗೆ ಕಿರಣ ಬಂದು ಒಂದು ಕಲ್ಲನ್ನು ಮುಟ್ಟುವ ಹಾಗೆ ಮಾಡೋಣ ಅಂದರು. ನಾನು ಒಪ್ಪಲಿಲ್ಲ. ಒಂದು ದಿನದ ಜಾತ್ರೆಗಾಗಿ ಉಳಿದ ದಿನವೆಲ್ಲ ಒಂದು ಗುಂಡಿ ನೋಡುತ್ತಾ ಕೂರಬೇಕಾ? ರಾಜಿಯಾಗಿ ಚಾವಣಿಯಲ್ಲಿ 2 ಸೆಂಟಿಮೀಟರಿನ ಒಂದು ಸಣ್ಣ ತೂತು ಬಿಟ್ಟೆವು. ಮಧ್ಯದಲ್ಲಿ ಒಂದು ತೆಳು ಲೋಹದ ಬಿಲ್ಲೆ, ಅದರಲ್ಲಿ ತೂತು, ಅದರ ಮೇಲೂ ಕೆಳಗೂ ಕಾಂಕ್ರೀಟು ಅಗಲವಾಗಿ ತೆರೆದುಕೊಳ್ಳುತ್ತದೆ. ಅದು ನೆಲದಿಂದ 5 ಮೀಟರ್ ಮೇಲಿದೆ. ಸೂರ್ಯ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟು ಅಗಲ ಕಾಣುವುದರಿಂದ, ತೂತಿನಿಂದ ಇಳಿದ ಬೆಳಕು ಕೆಳಗೆ ಬರುವಷ್ಟರಲ್ಲಿ ಹರಡಿ ಆರೇಳು ಸೆಂಟಿಮೀಟರಿನ ದುಂಡು ಚುಕ್ಕೆಯಾಗುತ್ತದೆ. ತೂತು ಚೌಕವಾಗಿದ್ದರೂ ಚುಕ್ಕೆ ದುಂಡಗೇ ಇರುತ್ತದೆ, ಯಾಕೆಂದರೆ ಅದು ಸೂರ್ಯನದೇ ಬಿಂಬ. ಗ್ರಹಣದ ದಿನ ಅದೇ ಚುಕ್ಕೆ ಕಚ್ಚಿದ ಹಾಗೆ ಕಾಣುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಚುಕ್ಕೆ ನಿಮಿಷಕ್ಕೆ ಎರಡು ಸೆಂಟಿಮೀಟರಿನಷ್ಟು ನಡೆಯುತ್ತದೆ, ಬೆರಳಿಟ್ಟು ನೋಡಿದರೆ ಕಣ್ಣೆದುರೇ ಸರಿಯುವುದು ಗೊತ್ತಾಗುತ್ತದೆ. ಮತ್ತೆ ಬೆಳಕು ಹರಡಿರುವುದರಿಂದ ಅದರ ಪ್ರಖರತೆ ನೇರ ಬಿಸಿಲಿನ ಹತ್ತನೇ ಒಂದು ಭಾಗದ ಆಸುಪಾಸು. ಎದುರಿನ ಗೋಡೆಯನ್ನು ಅದು ಕಪ್ಪಾಗಿಸುವುದಿಲ್ಲ. ಮಕ್ಕಳು ಇದನ್ನು ಹಿಡಿಯುವುದಕ್ಕೆ ಓಡಾಡುತ್ತಾರೆ ಅನ್ನುವುದು ನನ್ನ ಅಂದಾಜು.

ಇದನ್ನೆಲ್ಲ ನೋಡಿದ್ದು ಎಲ್ಲಿ? ಮಾದರಿಯಲ್ಲಿ. ಕಂಪ್ಯೂಟರಲ್ಲಿ ಲಕ್ಸ್ ಲೆಕ್ಕ ಮಾಡುವುದಕ್ಕೆ ರೇಡಿಯನ್ಸ್ ಥರದ ಒಳ್ಳೇ ಪ್ರೋಗ್ರಾಂಗಳಿವೆ, ಅವುಗಳನ್ನು ಬಳಸಿದ್ದೇನೆ, ನಂಬುತ್ತೇನೆ. ಆದರೆ ಛಾಯೆ ಹೇಗಿದೆ ಅಂತ ತೀರ್ಮಾನ ಮಾಡುವುದಕ್ಕೆ ರಟ್ಟು ಮತ್ತು ಪ್ಲಾಸ್ಟರಿನ ಮಾದರಿಯೇ ಬೇಕು. ಬೆಳಕಿನ ಒಂದು ದೊಡ್ಡ ಉಪಕಾರ ಏನೆಂದರೆ ಮಾದರಿ ಚಿಕ್ಕದಾದರೂ ಅದು ಬದಲಾಗುವುದಿಲ್ಲ. ತೊಲೆಯನ್ನು ಇಪ್ಪತ್ತು ಪಟ್ಟು ಚಿಕ್ಕದು ಮಾಡಿದರೆ ಅದರ ಬಲದ ಲೆಕ್ಕ ತಪ್ಪಿಹೋಗುತ್ತದೆ. ಕೋಣೆಯನ್ನು ಇಪ್ಪತ್ತು ಪಟ್ಟು ಚಿಕ್ಕದು ಮಾಡಿದರೂ, ಬಣ್ಣ ಮತ್ತು ಆಕಾರ ಅದೇ ಇದ್ದರೆ, ಅದೇ ಆಕಾಶದ ಕೆಳಗೆ ಅದೇ ಬೆಳಕು ಸಿಗುತ್ತದೆ. ಹಾಗಾಗಿ ಮಾದರಿಯ ಗೋಡೆಗೆ ಬೂದು ಪೇಂಟ್ ಹಚ್ಚದೆ ನಿಜವಾದ ಸಿಮೆಂಟ್ ಹಾಲನ್ನೇ ಬಳಿದೆ. ಬೆಂಚಿರುವ ಕಡೆ ಒಂದು ಕಿಂಡಿ ಮಾಡಿ ಮೊಬೈಲ್ ಕ್ಯಾಮೆರಾ ಇಟ್ಟೆ. ಮಾದರಿಗೆ ಒಂದು ಸಣ್ಣ ಸೂರ್ಯಗಡಿಯಾರ ಅಂಟಿಸಿಕೊಂಡರೆ ಯಾವ ತಿಂಗಳು ಯಾವ ಗಂಟೆ ಬೇಕೋ ಅದಕ್ಕೆ ಸರಿಯಾಗಿ ಮಾದರಿಯನ್ನು ಕೈಯಲ್ಲೇ ವಾಲಿಸಿ ಬಿಸಿಲಿಗೆ ಹಿಡಿಯಬಹುದು. ಜೂನ್‌ನಲ್ಲಿ ಡಿಸೆಂಬರ್ ನೋಡಬಹುದು.

ಮಾದರಿಯಲ್ಲಿ ಕಂಡ ಒಂದು ವಿಷಯ ಗೋಡೆಯ ಆಕಾರವನ್ನೇ ಬದಲಿಸಿತು. ನೆಟ್ಟಗಿನ ಗೋಡೆಯ ಮೇಲೆ ಬೆಳಕು ಮೇಲಿನ ಒಂದು ಮೀಟರಿನಲ್ಲೇ ಖರ್ಚಾಗಿಬಿಡುತ್ತಿತ್ತು. ಬೆಳಕು ಗೋಡೆಗೆ ಎದುರಾಗಿ ಬರದೆ ಅದರ ಮೈಯನ್ನು ಸವರಿಕೊಂಡು ಇಳಿಯುತ್ತದೆ ಅಲ್ವಾ, ಕೆಳಭಾಗಕ್ಕೆ ಹಿಡಿದುಕೊಳ್ಳುವುದಕ್ಕೆ ಏನೂ ಸಿಗುವುದಿಲ್ಲ. ಗೋಡೆಯ ಬುಡವನ್ನು ಒಳಗಡೆಗೆ 60 ಸೆಂಟಿಮೀಟರ್ ತಂದೆ. ಅಂದರೆ ಗೋಡೆ ಸುಮಾರು 7 ಡಿಗ್ರಿ ಹಿಂದಕ್ಕೆ ಮಲಗಿತು. ಏಳು ಡಿಗ್ರಿ ಏನು ಮಹಾ ಅನ್ನಿಸಬಹುದು. ಸವರಿಕೊಂಡು ಬರುವ ಬೆಳಕಿಗೆ ಅದು ತುಂಬಾ. ಬುಡದವರೆಗೂ ಗೋಡೆ ಬೆಳಗಿತು. ಆದರೆ ಉದ್ದಕ್ಕೂ ಹಾಗೇ ಮಾಡಿದರೆ ಮತ್ತೆ ಒಂದೇ ಸಮ. ಅದಕ್ಕೆ ನಡುವೆ ಮಾತ್ರ ಬುಡ ಮುಂದಕ್ಕೆ, ಎರಡು ತುದಿಗೆ ಹೋಗುತ್ತಾ ಗೋಡೆ ನೆಟ್ಟಗೆ. ನಡುವೆ ಬೆಳಕು, ತುದಿಗಳಲ್ಲಿ ಮಬ್ಬು, ಸಂದಿ ಮಾತ್ರ ಎಲ್ಲಾ ಕಡೆ ಒಂದೇ ಅಗಲ.

ಈಗ ಗೋಡೆ ತಿರುಚಿಕೊಂಡಿತು. ಇದನ್ನು ಎರಕ ಹೊಯ್ಯುವುದು ಹೇಗೆ? ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವುದಕ್ಕೆ ಕಟ್ಟುವ ಹಲಗೆಯ ಅಚ್ಚು) ಬಡಗಿಗೆ ಡ್ರಾಯಿಂಗ್ ತೋರಿಸಿದಾಗ ಅವರು ತುಂಬಾ ಹೊತ್ತು ನೋಡಿ ಹೇಳಿದ್ದು ಇಷ್ಟೇ: 'ಹಲಗೆ ಬಗ್ಗಿಸೋದು ಕಷ್ಟ ಸರ್. ತಿರುಚೋದು ಸುಲಭ.' ಆ ಮಾತಲ್ಲೇ ಉತ್ತರ ಇತ್ತು. ಗೋಡೆಯ ಬುಡದಲ್ಲಿ ಒಂದು ಬಾಗು ಗೆರೆ, ತಲೆಯಲ್ಲಿ ಇನ್ನೊಂದು ಬಾಗು ಗೆರೆ. ಎರಡನ್ನೂ ನೇರ ಗೆರೆಗಳಿಂದ ಸೇರಿಸುತ್ತಾ ಹೋದರೆ ತಿರುಚಿದ ಮೈ ತಾನಾಗಿ ಹುಟ್ಟುತ್ತದೆ. ಪ್ರತಿ ನೇರ ಗೆರೆಯೂ ಒಂದು ಹಲಗೆ. ವಾಸ್ತುಶಿಲ್ಪಿ ಫೆಲಿಕ್ಸ್ ಕಂದೇಲಾ ಮೆಕ್ಸಿಕೋದಲ್ಲಿ ಮಾಡುತ್ತಿದ್ದದ್ದೂ ಇದೇ. 1958ರಲ್ಲಿ ಶೋಚಿಮಿಲ್ಕೋದಲ್ಲಿ ಅವರು ಕಟ್ಟಿದ ಹೋಟೆಲಿನ ಚಾವಣಿ ಹೂವಿನ ಎಸಳುಗಳ ಹಾಗೆ ಬಾಗಿ ಎದ್ದಿದೆ, ದಪ್ಪ ಬಹುಪಾಲು ಕಡೆ 4 ಸೆಂಟಿಮೀಟರ್, ಸೆಂಟ್ರಿಂಗಿಗೆ ಬಳಸಿದ್ದು ನೇರ ಹಲಗೆ. ನಮ್ಮ ಗೋಡೆ ಅಷ್ಟು ತೆಳುವಲ್ಲ, ಅಷ್ಟು ಸಾಹಸವೂ ಅಲ್ಲ. ಬುಡದ ಗೆರೆ ಮತ್ತು ತಲೆಯ ಗೆರೆ ಉದ್ದದಲ್ಲಿ ಸಮ ಇಲ್ಲದ್ದರಿಂದ ಹಲಗೆಯ ಒಂದು ತುದಿಯನ್ನು ಸ್ವಲ್ಪ ಕಿರಿದು ಮಾಡಬೇಕಾಗುತ್ತದೆ. ಅಗಲ 10 ಸೆಂಟಿಮೀಟರ್ ಒಳಗಿದ್ದರೆ ಹಲಗೆ ಒಡೆಯದೆ ತಿರುಚಿಕೊಳ್ಳುತ್ತದೆ.

ಹಲಗೆ ನಿಲ್ಲಿಸಬೇಕೋ ಮಲಗಿಸಬೇಕೋ ಅನ್ನುವುದನ್ನೂ ಬೆಳಕೇ ಹೇಳಿತು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಷ್ಟೇ ಚೆನ್ನಾಗಿ ಕೂಡಿಸಿದರೂ ಎರಡು ಹಲಗೆಗಳ ನಡುವೆ ಒಂದೆರಡು ಮಿಲಿಮೀಟರ್ ಏರುಪೇರು ಇದ್ದೇ ಇರುತ್ತದೆ. ಎರಕದಲ್ಲಿ ಅದು ಸಣ್ಣ ಮೆಟ್ಟಿಲಾಗಿ ಮೂಡುತ್ತದೆ. ಬೆಳಕು 5 ಡಿಗ್ರಿ ಕೋನದಲ್ಲಿ ಸವರಿ ಇಳಿದರೆ 2 ಮಿಲಿಮೀಟರಿನ ಮೆಟ್ಟಿಲು 23 ಮಿಲಿಮೀಟರ್ ಉದ್ದದ ನೆರಳು ಹಾಕುತ್ತದೆ. ಹಲಗೆ ಮಲಗಿಸಿದ್ದರೆ ಈ ಮೆಟ್ಟಿಲುಗಳೆಲ್ಲ ಬೆಳಕಿಗೆ ಅಡ್ಡ ನಿಲ್ಲುತ್ತವೆ, ಗೋಡೆಯ ತುಂಬಾ ಕಪ್ಪು ಪಟ್ಟಿಗಳು. ಹಲಗೆ ನಿಲ್ಲಿಸಿದ್ದರೆ ಮೆಟ್ಟಿಲು ಬೆಳಕು ಇಳಿಯುವ ದಿಕ್ಕಿನಲ್ಲೇ ಇರುತ್ತದೆ, ನೆರಳು ಬೀಳುವುದೇ ಇಲ್ಲ, ಮರದ ನಾರಿನ ಗೆರೆ ಮಾತ್ರ ನವಿರಾಗಿ ಕಾಣುತ್ತದೆ. ಬೆಳಕಿಗೆ ಬೇಕಾದದ್ದು ನಿಂತ ಹಲಗೆ, ಬಡಗಿಗೆ ಬೇಕಾದದ್ದು ಬುಡದಿಂದ ತಲೆಗೆ ಹೋಗುವ ನೇರ ಹಲಗೆ. ಎರಡೂ ಒಂದೇ ಆಗಿಬಿಟ್ಟಿತು. ಡಿಸೈನ್ ಕೆಲಸದಲ್ಲಿ ಹೀಗಾಗುವುದು ಅಪರೂಪ. ಆವತ್ತು ನಾನು ಬೇರೆ ಕೆಲಸ ಮಾಡಲಿಲ್ಲ.

ಇನ್ನು ಎರಕದ ತಾಪತ್ರಯಗಳು. ಹಸಿ ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2400 ಕಿಲೋ. ಮೂರು ಮೀಟರ್ ಎತ್ತರಕ್ಕೆ ಒಂದೇ ಸಲಕ್ಕೆ ಸುರಿದರೆ ಸೆಂಟ್ರಿಂಗಿನ ಬುಡದಲ್ಲಿ ಚದರ ಮೀಟರಿಗೆ ಏಳು ಟನ್‌ನಷ್ಟು ಒತ್ತಡ ಬೀಳಬಹುದು. ತಿರುಚಿದ ಹಲಗೆಗಳು ಅಷ್ಟಕ್ಕೆ ಬಾಯಿಬಿಡುತ್ತವೆ. ಹಂತ ಹಂತವಾಗಿ ಸುರಿದರೆ ಹಂತದ ಗೆರೆ ಅಡ್ಡಕ್ಕೆ ಬೀಳುತ್ತದೆ, ನಿಂತ ಹಲಗೆಯಿಂದ ಉಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ. ಸ್ವಿಸ್ ವಾಸ್ತುಶಿಲ್ಪಿ ಪೀಟರ್ ಝುಮ್ತೋರ್ ಜರ್ಮನಿಯ ಹೊಲವೊಂದರಲ್ಲಿ 2007ರಲ್ಲಿ ಮುಗಿಸಿದ ಬ್ರೂಡರ್ ಕ್ಲಾಸ್ ಚಾಪೆಲ್‌ನಲ್ಲಿ ಈ ಗೆರೆಗಳನ್ನು ಬಚ್ಚಿಡಲೇ ಇಲ್ಲ. ದಿನಕ್ಕೆ ಅರ್ಧ ಮೀಟರಿನ ಒಂದು ಪದರದಂತೆ 24 ಪದರ ತುಂಬಿದ್ದು ಹೊರಗಿನಿಂದ ಎಣಿಸುವ ಹಾಗೆ ಕಾಣುತ್ತದೆ. ಒಳಗೆ 112 ಮರದ ಕಾಂಡಗಳನ್ನೇ ಅಚ್ಚಾಗಿ ನಿಲ್ಲಿಸಿ, ಆಮೇಲೆ ನಿಧಾನ ಬೆಂಕಿ ಹಾಕಿ ಸುಟ್ಟು ತೆಗೆದರು. ಒಳಗೋಡೆ ಇವತ್ತಿಗೂ ಇದ್ದಿಲ ಕಪ್ಪು. ಜಪಾನಿನ ತೆಶಿಮಾ ಮ್ಯೂಸಿಯಂನಲ್ಲಿ (2010) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಣ್ಣಿನ ದಿಬ್ಬವನ್ನೇ ಅಚ್ಚು ಮಾಡಿ, 25 ಸೆಂಟಿಮೀಟರ್ ದಪ್ಪದ ಚಿಪ್ಪು ಹೊಯ್ದು, ಒಣಗಿದ ಮೇಲೆ ಒಳಗಿನ ಮಣ್ಣನ್ನು ಅಗೆದು ಹೊರಗೆ ಹಾಕಿದರು. ನಾವು ಅಷ್ಟು ದೂರ ಹೋಗುತ್ತಿಲ್ಲ. ಹಂತದ ಗೆರೆ ಒಂದೇ ಒಂದು ಇರುತ್ತದೆ. ಅದನ್ನು ತುಟಿಯ ಕೆಳಗಂಚಿನ ಮಟ್ಟಕ್ಕೇ ತಂದು ಮರೆಯಲ್ಲಿ ಇಟ್ಟಿದ್ದೇವೆ. ಅದರ ಕೆಳಗಿನ ಐದು ಮೀಟರನ್ನು ಒಂದೇ ದಿನ ನಿಧಾನವಾಗಿ ತುಂಬಬೇಕು, ಕೆಳಗಿನದು ಸ್ವಲ್ಪ ಬಿಗಿಯಾಗುತ್ತಾ ಬಂದ ಹಾಗೆ ಮೇಲಿನದು. ತೀರಾ ತಡವಾದರೆ ಗೆರೆ ಬೀಳುತ್ತದೆ, ಅವಸರ ಮಾಡಿದರೆ ಹಲಗೆ ಹೋಗುತ್ತದೆ.

ಬಣ್ಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೊಸ ಮರ ಸುಮ್ನೆ ಬಿಟ್ಟರೆ ನೀರು ಹೀರುತ್ತದೆ, ಹೀರಿದ ಕಡೆ ಕಾಂಕ್ರೀಟ್ ಕಪ್ಪಾಗುತ್ತದೆ. ಕೆಲವು ಮರದಲ್ಲಿರುವ ಸಕ್ಕರೆ ಅಂಶಕ್ಕೆ ಮೇಲ್ಮೈ ಗಟ್ಟಿಯಾಗದೆ ಪುಡಿ ಉದುರುತ್ತದೆ. ಅದಕ್ಕೆ ಹಲಗೆಗಳಿಗೆ ಮೊದಲು ಒಂದು ಸಲ ಸಿಮೆಂಟ್ ಹಾಲು ಬಳಿದು, ಒಣಗಿಸಿ, ಉಜ್ಜಿ ತೆಗೆಯುತ್ತೇವೆ. ಸಿಮೆಂಟಿನಲ್ಲಿ ಅರ್ಧದಷ್ಟನ್ನು ಕಬ್ಬಿಣ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಪುಡಿಗೆ ಬದಲಿಸುತ್ತಿದ್ದೇವೆ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಎಂಟು ಭಾಗದಷ್ಟು ಸಿಮೆಂಟಿನಿಂದಲೇ ಬರುತ್ತದೆ, ಸುಮ್ನೆ ಕೂರುವುದಕ್ಕೆ ಕಟ್ಟುವ ಮಂಟಪಕ್ಕೆ ಆ ಲೆಕ್ಕ ಜಾಸ್ತಿಯೇ ಚುಚ್ಚುತ್ತದೆ. ಸ್ಲ್ಯಾಗ್ ಹಾಕಿದರೆ ಕಾಂಕ್ರೀಟ್ ಬಣ್ಣ ತಿಳಿಯಾಗುತ್ತದೆ, ಬೆಳಕಿಗೂ ಒಳ್ಳೆಯದೇ. ಬಲ ಬರುವುದು ಮಾತ್ರ ನಿಧಾನ, ಸೆಂಟ್ರಿಂಗ್ ಜಾಸ್ತಿ ದಿನ ಬಿಡಬೇಕು.

ಸಂದಿಗೆ ಗಾಜು ಹಾಕುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ತಡಾವೋ ಆಂಡೋ ಜಪಾನಿನ ಇಬರಾಕಿಯಲ್ಲಿ 1989ರಲ್ಲಿ ಕಟ್ಟಿದ ಚರ್ಚಿನಲ್ಲಿ ಗೋಡೆಯನ್ನು ಶಿಲುಬೆಯ ಆಕಾರಕ್ಕೆ ಸೀಳಿ, ಅದಕ್ಕೆ ಗಾಜೇ ಬೇಡ ಅಂದಿದ್ದರು. ಚಳಿಗೆ ಹೆದರಿ ಗಾಜು ಬಂತು. ನಮ್ಮದು ಬಾಗಿಲೇ ಇಲ್ಲದ ಮಂಟಪ, ಗಾಳಿ ಹೇಗೂ ಬರುತ್ತದೆ. ಮಳೆ ಬಂದರೆ ದೊಡ್ಡ ಗೋಡೆಯ ಮೇಲೇ ಇಳಿಯುತ್ತದೆ. ನನ್ನ ಭಯ ಒದ್ದೆಗಿಂತ ಕಲೆಯದು. ನೀರು ಯಾವಾಗಲೂ ಒಂದೇ ದಾರಿ ಹಿಡಿದರೆ ಅಲ್ಲಿ ಪಾಚಿ ಕಟ್ಟಿ ಕಪ್ಪು ಗೆರೆ ಮೂಡುತ್ತದೆ. ಗೋಡೆಯ ತಲೆಯನ್ನು ಹೊರಗಡೆಗೆ ಇಳಿಜಾರು ಮಾಡಿ ಅಲ್ಲಿ ಬಿದ್ದ ನೀರನ್ನು ಆಚೆಗೇ ಕಳಿಸುತ್ತೇವೆ, ತುಟಿಯ ಕೆಳಗಂಚಿನಲ್ಲಿ ನೀರು ಒಳಕ್ಕೆ ಜಾರದೆ ತೊಟ್ಟಿಕ್ಕಲಿ ಅಂತ ಒಂದು ಕೊರಕಲು. ಗೋಡೆಯ ಬುಡದಲ್ಲಿ ಜಲ್ಲಿ ತುಂಬಿದ ಕಾಲುವೆ. ಪ್ಯಾಂಥಿಯನ್ ನೆಲವೂ ನಡುವೆ ಕೊಂಚ ಉಬ್ಬಿದೆ, ನೀರು ಹೋಗುವುದಕ್ಕೆ ನೆಲದಲ್ಲೇ ತೂತುಗಳಿವೆ.

ಈಗ ಜಗಳ ಉಳಿದಿರುವುದು ಒಂದೇ ಕಡೆ, ತುಟಿಯ ಆ ಕೆಳಗಂಚಿನಲ್ಲಿ. ಬೆಂಚಿನಿಂದ ನೋಡಿದರೆ ಗೋಡೆ ಆ ಅಂಚಿನ ಹಿಂದಿನಿಂದ ಬೆಳಗುತ್ತಾ ಇಳಿಯುತ್ತದೆ. ಅಂಚು ತೆಳುವಾದಷ್ಟೂ ಚಾವಣಿಗೆ ತೂಕವೇ ಇಲ್ಲ ಅನ್ನಿಸುತ್ತದೆ. ನನಗೆ 8 ಸೆಂಟಿಮೀಟರ್ ಬೇಕು. ಎಂಜಿನಿಯರ್ ಹೇಳುವುದು, ತೆರೆದ ಜಾಗ, ಮಳೆ ಬೀಳುವ ಜಾಗ, ಕಂಬಿಯ ಎರಡೂ ಕಡೆ 40 ಮಿಲಿಮೀಟರ್ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಬೇಕೇ ಬೇಕು, ಕವರಿಗೇ ನಿಮ್ಮ 8 ಸೆಂಟಿಮೀಟರ್ ಮುಗಿದುಹೋಯಿತು, ಕಂಬಿಯನ್ನು ಎಲ್ಲಿಡಲಿ? ಅವರು ಹೇಳುವುದು ಸರಿ. ಸ್ಟೇನ್‌ಲೆಸ್ ಕಂಬಿ ಹಾಕಿದರೆ ಕವರ್ ಕಡಿಮೆ ಮಾಡಬಹುದು, ಆದರೆ ದುಬಾರಿ. ಅಂಚನ್ನು ಓರೆಯಾಗಿ ಕತ್ತರಿಸಿ, ದಪ್ಪವನ್ನೆಲ್ಲ ಸಂದಿಯ ಕಡೆಗೆ ತಳ್ಳಿ, ಕಣ್ಣಿಗೆ ಕಾಣುವ ಕೊನೆಯ ಮೂತಿಯನ್ನು ಮಾತ್ರ ಚೂಪು ಮಾಡಿದರೆ ಹೇಗೆ ಅಂತ ಈಗ ನೋಡುತ್ತಿದ್ದೇವೆ. ಚೂಪು ಮೂತಿಯೊಳಗೆ ಕಂಬಿ ಇರುವುದಿಲ್ಲ, ಸೆಂಟ್ರಿಂಗ್ ಬಿಚ್ಚುವಾಗ ಚಕ್ಕೆ ಏಳಬಹುದು ಅನ್ನುವುದು ಬಡಗಿಯ ಅನುಮಾನ. ಒಂದು ಮೀಟರ್ ಉದ್ದದ ತುಂಡನ್ನು ನಿಜವಾದ ಅಳತೆಯಲ್ಲೇ ಎರಕ ಹೊಯ್ದು, ಸ್ಲ್ಯಾಗ್ ಸಿಮೆಂಟು ಪೂರ್ತಿ ಬಲ ಬಂದ ಮೇಲೆ ಬಿಚ್ಚಿ ನೋಡುತ್ತೇವೆ. ಚಕ್ಕೆ ಎದ್ದರೆ 12 ಸೆಂಟಿಮೀಟರಿಗೆ ಒಪ್ಪಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.